ನರಿ ಅಂದರೆ ಯಾವ ನರಿ?

ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು. ಕಬ್ಬಿಗೆ ನೀರು ಹಾಯಿಸಲು ಕಾಕಾನ ಜೊತೆ ಹೊಲಕ್ಕೆ ಹೋಗಿದ್ದೆ. ಬೀಳಗಿ ತಾಲ್ಲೂಕಿನ ನಮ್ಮ ಕಡೆ ಇದು ಹೊಸದೇನಲ್ಲ. ಕರೆಂಟು ಎದ್ದಾಗ ನಾವೂ ಏಳಬೇಕು, ಅಷ್ಟೇ. ಕಾಲುವೆ ದಂಡೆಯ ಕಡೆ ಬ್ಯಾಟರಿ ಬಿಟ್ಟೆ. ಎರಡು ಕಣ್ಣು ಮಿಂಚಿದವು. ಬೆಕ್ಕಿಗಿಂತ ಸ್ವಲ್ಪ ದೊಡ್ಡ ಪ್ರಾಣಿ. ಕಡ್ಡಿಯಂಥ ಕಾಲು, ಮುಖಕ್ಕೆ ಹೊಂದದಷ್ಟು ದೊಡ್ಡ ಕಿವಿ, ಹಿಂದೆ ದಪ್ಪನೆಯ ಬಾಲ. ಒಂದು ಗಳಿಗೆ ನಮ್ಮನ್ನೇ ನೋಡಿತು. ಆಮೇಲೆ ಬದು ಹಾರಿ ಜೋಳದ ಕೂಳೆಯೊಳಗೆ ಮಾಯವಾಯಿತು.

"ಏನ್ ಕಾಕಾ ಅದು?"

"ನರಿ."

ಹತ್ತು ನಿಮಿಷ ಆಗಿರಲಿಲ್ಲ, ಕಬ್ಬಿನೊಳಗಿಂದ ಏನೋ ಊಳಿಟ್ಟಿತು. ಅದಕ್ಕೆ ಇನ್ನೊಂದು ದನಿ ಸೇರಿತು, ಮತ್ತೊಂದು ಸೇರಿತು. ಊರಿನ ನಾಯಿಗಳೆಲ್ಲ ಎದ್ದು ಬೊಗಳತೊಡಗಿದವು.

"ಇದು?"

"ಇದೂ ನರಿನ. ಎಷ್ಟ ಕೇಳತೀಯೋ, ಸಾಲ ತುಂಬೇತಿ, ನೀರ ತಿರುವು."

ಎರಡಕ್ಕೂ ಒಂದೇ ಹೆಸರು. ಆದರೆ ಮೊದಲು ಕಂಡದ್ದು ಇಂಗ್ಲಿಷಿನವರ ಫಾಕ್ಸ್, ಆಮೇಲೆ ಕೂಗಿದ್ದು ಜಾಕಲ್. ಎರಡೂ ಬೇರೆ ಬೇರೆ ಪ್ರಾಣಿ. ಬೆಕ್ಕಿಗೂ ಚಿರತೆಗೂ ಇರುವಂಥ ದೂರದ ಸಂಬಂಧ ಅಂದುಕೊಳ್ಳಿ. ನಮ್ಮ ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಫಾಕ್ಸ್ ಅಂದರೆ ನರಿ ಅಂತ ಬರೆದಿರುತ್ತಿತ್ತು. ಗೊಂದಲ ಶುರುವಾಗುವುದೇ ಅಲ್ಲಿಂದ.

ಪಂಚತಂತ್ರದ ಕರಟಕ, ದಮನಕ ಇದ್ದಾರಲ್ಲ, ಅವರು ಜಾಕಲ್‌ಗಳು. ನಮ್ಮ ಅಜ್ಜಿಯರ ಕಥೆಯ ನರಿಯಣ್ಣನೂ ಹೆಚ್ಚುಕಮ್ಮಿ ಅದೇ. ದ್ರಾಕ್ಷಿ ಎಟುಕದೆ ಹುಳಿ ಅಂದದ್ದು ಮಾತ್ರ ಈಸೋಪನ ಕಥೆಯ ಫಾಕ್ಸ್. ಹೊರಗಿನಿಂದ ಬಂದ ಆ ಕಥೆಯೂ ನಮ್ಮ ನರಿಯ ಹೆಸರಿಗೇ ಜಮೆ ಆಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಈ ಕಥೆ ಹೇಳಿದರೆ ನಗುತ್ತಾರೆ. ಚಪ್ಪರ ಆಳೆತ್ತರ ಇರುತ್ತದೆ ನಿಜ, ಆದರೆ ಕೆಳಗೆ ಉದುರಿದ ಹಣ್ಣನ್ನು ಹುಳಿ ಅಂತ ಬಿಟ್ಟು ಹೋದ ನರಿ ಯಾವುದೂ ಇಲ್ಲ.

ಈ ಲೇಖನದ ಮಟ್ಟಿಗೆ ಒಂದು ಒಪ್ಪಂದ ಮಾಡಿಕೊಳ್ಳೋಣ. ಊಳಿಡುವ ದೊಡ್ಡದು ನರಿ. ದೊಡ್ಡ ಕಿವಿಯ ಚಿಕ್ಕದು ಸಣ್ಣ ನರಿ. ಹಳೆಯ ಪುಸ್ತಕಗಳಲ್ಲಿ ಚಿಕ್ಕದಕ್ಕೆ ಕೆಂಪ ನರಿ, ಚಂದಕ ನರಿ, ಕೊಂಕ ಎಂಬ ಕನ್ನಡ ಹೆಸರುಗಳಿವೆ. ಗುಳ್ಳೆನರಿ ಅನ್ನುವ ಪದವನ್ನು ಒಬ್ಬೊಬ್ಬರು ಒಂದೊಂದಕ್ಕೆ ಬಳಸುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಬೆಳಗಾವಿಯಲ್ಲಿ ಮರಾಠಿ ಬಲ್ಲವರಿಗೆ ಈ ತಾಪತ್ರಯವೇ ಇಲ್ಲ. ಅವರಿಗೆ ದೊಡ್ಡದು ಕೋಲ್ಹಾ, ಚಿಕ್ಕದು ಖೋಕಡ.

ನಾಯಿ ಬಾಲ ಡೊಂಕು

ಕತ್ತಲಲ್ಲಿ, ದೂರದಲ್ಲಿ, ಓಡುವ ಪ್ರಾಣಿಯನ್ನು ಗುರುತಿಸಬೇಕಾದರೆ ಮೊದಲು ಬಾಲ ನೋಡಿ. ಮುಖ ನೋಡಲು ಅದು ಬಿಡುವುದಿಲ್ಲ.

ನಾಯಿ ಬಾಲ ಡೊಂಕು ಅಂತ ಬೈಗುಳದ ಹಾಗೆ ಹೇಳುತ್ತೇವೆ. ಅದು ನಿಜವಾಗಿ ಪ್ರಾಣಿಶಾಸ್ತ್ರದ ಮಾತು. ಬಾಲವನ್ನು ಸುರುಳಿ ಸುತ್ತಿ ಬೆನ್ನ ಮೇಲೆ ಹೊರುವುದು ಸಾಕಿದ ನಾಯಿಯ ಗುರುತು. ತೋಳ, ನರಿ, ಸಣ್ಣ ನರಿಗಳ ಬಾಲ ಹಾಗೆ ಸುರುಳಿ ಸುತ್ತುವುದಿಲ್ಲ. ಎಲ್ಲ ನಾಯಿಗಳ ಬಾಲವೂ ಡೊಂಕಲ್ಲ ಅನ್ನಿ. ಆದರೆ ಡೊಂಕು ಬಾಲ ಕಂಡರೆ ಅದು ನಾಯಿಯೇ, ತೋಳ ಅಂತ ಊರೆಲ್ಲ ಎಬ್ಬಿಸಬೇಕಾಗಿಲ್ಲ.

ಮುಂದೆ ಬಾಲದ ಉದ್ದ. ಸಣ್ಣ ನರಿಯ ಬಾಲ ಅದರ ಮೈಯ ಅರ್ಧಕ್ಕಿಂತ ಜಾಸ್ತಿ ಉದ್ದ. ದಪ್ಪಗೆ, ಪೊದೆಯಂತೆ ಇರುತ್ತದೆ, ತುದಿ ಕಪ್ಪು. ನೋಡುವವರಿಗೆ ಪ್ರಾಣಿಗಿಂತ ಮೊದಲು ಬಾಲವೇ ಕಾಣುತ್ತದೆ. ನರಿಯದು ಮೈಗೆ ಹೋಲಿಸಿದರೆ ಗಿಡ್ಡ, ಮೂರನೇ ಒಂದು ಪಾಲು ಇದ್ದರೆ ಹೆಚ್ಚು. ಚಿತ್ರದ ಪುಸ್ತಕಗಳಲ್ಲಿ ಕಿತ್ತಳೆ ಬಣ್ಣದ ಮೈ, ಬಿಳಿ ತುದಿಯ ಬಾಲ ಇರುವ ಫಾಕ್ಸ್ ಬರುತ್ತದಲ್ಲ, ಅದು ಯುರೋಪಿನ ಕಡೆಯ ಕೆಂಪು ನರಿ. ನಮ್ಮ ಸಣ್ಣ ನರಿ ಬೂದಿ ಬಣ್ಣದ್ದು, ಒಣಹುಲ್ಲಿನಲ್ಲಿ ಕೂತರೆ ಗೊತ್ತೇ ಆಗುವುದಿಲ್ಲ. ಅದು ಭಾರತ ಉಪಖಂಡ ಬಿಟ್ಟು ಬೇರೆಲ್ಲೂ ಇಲ್ಲ.

ತೂಕದಲ್ಲಿಯೂ ಗೊಂದಲಕ್ಕೆ ಜಾಗ ಇಲ್ಲ. ಸಣ್ಣ ನರಿ ಎರಡರಿಂದ ನಾಲ್ಕು ಕೆಜಿ. ನರಿ ಎಂಟರಿಂದ ಹನ್ನೊಂದು ಕೆಜಿ. ನಮ್ಮ ಬೀದಿ ನಾಯಿ ಹದಿನೈದರ ಆಚೀಚೆ. ತೋಳ 17ರಿಂದ 25. ಆದರೆ ತೋಳ ನೋಡಿದವರು ಯಾರೂ ಕರುವಿನಷ್ಟು ಇತ್ತು ಅನ್ನದೆ ಇರುವುದಿಲ್ಲ. ಅದು ಸುಳ್ಳಲ್ಲ, ಉದ್ದ ಕಾಲಿನ ಆಟ. ಭುಜದ ಹತ್ತಿರ ಎರಡಡಿ ಎತ್ತರ, ಕಿರಿದಾದ ಎದೆ, ಕುದುರೆಯಂತೆ ಹಗುರ ನಡಿಗೆ. ಹೊತ್ತು ಮುಳುಗುವಾಗ ಬಯಲಲ್ಲಿ ನಿಂತರೆ ತೂಕಕ್ಕಿಂತ ಎರಡು ಪಟ್ಟು ಕಾಣುತ್ತದೆ.

ಇನ್ನು ಕಣ್ಣು. ಮೊಬೈಲಿನಲ್ಲಿ ಹಗಲು ತೆಗೆದ ಒಳ್ಳೆಯ ಫೋಟೊ ಇದ್ದರೆ ದೊಡ್ಡದು ಮಾಡಿ ನೋಡಿ. ನಾಯಿ, ತೋಳ, ನರಿಗಳ ಕಣ್ಣಿನ ಪಾಪೆ ದುಂಡಗೆ. ಸಣ್ಣ ನರಿಯದು ಬೆಕ್ಕಿನ ಕಣ್ಣಿನಂತೆ ನಿಂತ ಸೀಳು. ಇದೊಂದೇ ಸಾಕು ಅದು ನಾಯಿ ಬಳಗದಲ್ಲಿ ಬೇರೆ ಕವಲು ಅಂತ ಹೇಳಲು. ಒಳಗಿನ ಲೆಕ್ಕವೂ ಹಾಗೆಯೇ ಇದೆ. ನಾಯಿ, ತೋಳ, ನರಿ ಮೂರಕ್ಕೂ 78 ವರ್ಣತಂತುಗಳು. ಸಣ್ಣ ನರಿಯದು ಅದಕ್ಕಿಂತ ಕಡಿಮೆ. ಹಾಗಾಗಿ ನಾಯಿಗೂ ತೋಳಕ್ಕೂ ಮರಿ ಆಗಬಹುದು. ನಾಯಿಗೂ ಸಣ್ಣ ನರಿಗೂ ಆಗುವುದಿಲ್ಲ. ನಮ್ಮ ನಾಯಿ ನರಿಗೆ ಹುಟ್ಟಿದ್ದು ಅಂತ ಚಹಾದಂಗಡಿಯಲ್ಲಿ ಯಾರಾದರೂ ಹೇಳಿದರೆ, ಯಾವ ನರಿ ಅಂತ ಕೇಳಿ ನೋಡಿ.

ಮಣ್ಣಿನ ಮೇಲಿನ ಅಕ್ಷರ

ನೀರು ಹಾಯಿಸಿದ ಮರುದಿನ ಬೆಳಿಗ್ಗೆ ಎರಿ ಮಣ್ಣಿನ ದಾರಿಯಲ್ಲಿ ಹೆಜ್ಜೆಗಳು ಅಚ್ಚೊತ್ತಿದಂತೆ ಮೂಡಿರುತ್ತವೆ. ಅವತ್ತು ಕೂತು ನೋಡಿದೆ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ. ಉಗುರು ಕಂಡರೆ ಸಾಮಾನ್ಯವಾಗಿ ನಾಯಿ ಬಳಗ. ಬೆಕ್ಕು, ಚಿರತೆಗಳು ಉಗುರು ಒಳಗೆಳೆದುಕೊಂಡು ನಡೆಯುತ್ತವೆ.

ಅಲ್ಲಿ ಎರಡು ಥರದ ಸಾಲು ಇದ್ದವು. ಒಂದು ನಮ್ಮ ಮನೆ ನಾಯಿಯದು. ಬೆರಳು ಅಗಲಿಸಿಕೊಂಡಿವೆ. ಹೆಜ್ಜೆ ಒಮ್ಮೆ ಎಡಕ್ಕೆ ಹೋಗಿದೆ, ಕಲ್ಲು ಮೂಸಿದೆ, ಹಿಂದೆ ಬಂದಿದೆ, ಸುಮ್ನೆ ಒಂದು ಸುತ್ತು ಹೊಡೆದಿದೆ. ಇನ್ನೊಂದು ನರಿಯದು. ಉದ್ದನೆಯ ಸಣ್ಣ ಹೆಜ್ಜೆ, ನಡುವಿನ ಎರಡು ಬೆರಳು ಒತ್ತಿಕೊಂಡಿವೆ. ನೂಲು ಹಿಡಿದು ಹಾಕಿದಂತೆ ನೇರ ಸಾಲು. ಮುಂಗಾಲು ಬಿದ್ದ ಗುರುತಿನಲ್ಲೇ ಹಿಂಗಾಲು ಇಟ್ಟಿದೆ, ನಾಲ್ಕು ಕಾಲಿನ ಪ್ರಾಣಿ ಎರಡು ಕಾಲಲ್ಲಿ ನಡೆದ ಹಾಗೆ.

ಯಾಕೆ ಹೀಗೆ? ನಾಯಿಗೆ ಮನೆಯಲ್ಲಿ ರೊಟ್ಟಿ ಇದೆ. ದಾರಿ ತಪ್ಪಿ ಅಲೆದರೂ ನಷ್ಟ ಇಲ್ಲ. ಕಾಡುಪ್ರಾಣಿ ರಾತ್ರಿಯಿಡೀ ನಡೆದು ಹೊಟ್ಟೆ ತುಂಬಿಸಿಕೊಳ್ಳಬೇಕು. ಒಂದೊಂದು ಹೆಜ್ಜೆಗೂ ಶಕ್ತಿ ಖರ್ಚು. ಅದಕ್ಕೆ ನೇರ ನಡೆಯುತ್ತದೆ, ಇಟ್ಟ ಜಾಗದಲ್ಲೇ ಕಾಲಿಡುತ್ತದೆ, ಸದ್ದೂ ಕಡಿಮೆ. ನನಗೆ ಈ ಒಂದು ವ್ಯತ್ಯಾಸ ಬಾಲ, ಕಿವಿ, ಕಣ್ಣು ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ.

ಒಬ್ಬೊಬ್ಬರದು ಒಂದೊಂದು ಸಂಸಾರ

ಸಣ್ಣ ನರಿಯ ದೊಡ್ಡ ಕಿವಿ ಅಂದಕ್ಕಲ್ಲ. ಮಣ್ಣಿನೊಳಗೆ ಇಲಿ ಹೆರೆಯುವ ಸದ್ದು, ಹುಲ್ಲಲ್ಲಿ ಮಿಡತೆ ಹಾರುವ ಸದ್ದು ಅದಕ್ಕೆ ಊಟದ ಗಂಟೆ. ಗೆದ್ದಲು, ಜೀರುಂಡೆ, ಇಲಿ, ಹಲ್ಲಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ, ಜೊತೆಗೆ ಬಾರಿಹಣ್ಣು. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಏಳುತ್ತವಲ್ಲ, ಆ ದಿನ ಅದಕ್ಕೆ ಹಬ್ಬ. ಬಿಳಿಜೋಳದ ಹೊಲದಲ್ಲಿ ಇಲಿ ಹಿಡಿಯುವ ಈ ಎರಡು ಕೆಜಿಯ ಪ್ರಾಣಿಗೆ ರೈತ ಒಂದು ರೂಪಾಯಿ ಕೂಲಿ ಕೊಡಬೇಕಾಗಿಲ್ಲ.

ಅದರ ಬದುಕೆಲ್ಲ ಬಿಲ. ಬಯಲಲ್ಲಿ, ಬದುವಿನಲ್ಲಿ ತೋಡುತ್ತದೆ. ಹಳೆಯ ಬಿಲಕ್ಕೆ ಏಳೆಂಟು ಬಾಯಿ ಇರುತ್ತವೆ, ಒಂದರಲ್ಲಿ ಹೊಗೆ ಹಾಕಿದರೆ ಇನ್ನೊಂದರಲ್ಲಿ ಹೊರಗೆ. ಚಳಿಗಾಲದಲ್ಲಿ ಜೋಡಿಯಾಗುತ್ತವೆ, ಐವತ್ತು ದಿನ ಕಳೆದರೆ ಮರಿ. ಅಂದರೆ ನಮ್ಮ ಹಿಂಗಾರಿ ಜೋಳದ ಸುಗ್ಗಿಯ ಹೊತ್ತಿಗೆ ಬಿಲದ ಬಾಯಲ್ಲಿ ಎರಡರಿಂದ ನಾಲ್ಕು ಮರಿ ಆಡುತ್ತಿರುತ್ತವೆ. ಅಟ್ಟಿಸಿಕೊಂಡು ಹೋದರೆ ನೇರ ಓಡುವುದಿಲ್ಲ. ಫಕ್ಕನೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ತಿರುಗುವಾಗ ಮೈ ಸಮತೋಲ ತಪ್ಪದಂತೆ ನೋಡಿಕೊಳ್ಳುವುದು ಆ ಉದ್ದ ಬಾಲವೇ.

ನರಿಯದು ಬೇರೆ ಲೆಕ್ಕ. ಅದಕ್ಕೆ ತಿನ್ನಲು ಆಗದ್ದು ಅಂತ ಇಲ್ಲ. ಸತ್ತ ದನ, ಇಲಿ, ಕೋಳಿ, ಶೇಂಗಾ, ಗೋವಿನಜೋಳ, ಕಲ್ಲಂಗಡಿ, ಕಬ್ಬು. ಡ್ರಿಪ್ ಪೈಪು ಕಚ್ಚಿ ನೀರು ಕುಡಿದು ಹೋಗುವುದೂ ಇದೆ. ಬೆಳಿಗ್ಗೆ ಹೋಗಿ ನೋಡಿದರೆ ಪೈಪಿನಿಂದ ಕಾರಂಜಿ ಎದ್ದಿರುತ್ತದೆ. ಕಾಕಾ ಬೈಯುವುದು ಆಗ ಮಾತ್ರ.

ಆದರೆ ಸಂಸಾರದಲ್ಲಿ ಅದು ಅಚ್ಚುಕಟ್ಟು. ಗಂಡು ಹೆಣ್ಣು ಜೋಡಿಯಾದರೆ ಸಾಮಾನ್ಯವಾಗಿ ಬದುಕಿರುವವರೆಗೂ ಒಟ್ಟಿಗೆ. ಕಳೆದ ವರ್ಷದ ಮರಿಗಳಲ್ಲಿ ಒಂದೆರಡು ಮನೆಯಲ್ಲೇ ಉಳಿದು ಈ ವರ್ಷದ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತವೆ. ಅಪ್ಪನೂ ಹೊಟ್ಟೆಯಲ್ಲಿ ತಂದ ಆಹಾರ ಕಕ್ಕಿ ಮರಿಗೆ ಕೊಡುತ್ತದೆ. ನಾಯಿಯಲ್ಲಿ ಇದನ್ನು ನೋಡಿದ್ದೀರಾ? ಬೀದಿಯ ಹೆಣ್ಣುನಾಯಿ ಮರಿ ಹಾಕಿದ ಮೇಲೆ ಅಪ್ಪ ಯಾರು ಅಂತ ಊರಿಗೂ ಗೊತ್ತಿಲ್ಲ, ಅಪ್ಪನಿಗೂ ಚಿಂತೆ ಇಲ್ಲ. ಕಾಡಿನವು ವರ್ಷಕ್ಕೆ ಒಂದೇ ಸಲ ಮರಿ ಹಾಕುತ್ತವೆ, ನಾಯಿಗೆ ಎರಡು ಸಲವೂ ಆಗುತ್ತದೆ. ಮನುಷ್ಯ ಎಸೆಯುವ ಅನ್ನ ರೊಟ್ಟಿ ನಂಬಿಕೊಂಡ ಮೇಲೆ ಋತುವಿನ ಹಂಗೂ ತಪ್ಪಿತು, ಅಪ್ಪನ ಹಂಗೂ ತಪ್ಪಿತು.

ನರಿ ಕೂಗು ಗಿರಿ ಮುಟ್ಟೀತೇ ಅಂತ ಗಾದೆ. ಗಿರಿ ಮುಟ್ಟಿಸುವ ಉದ್ದೇಶ ಅದಕ್ಕೆ ಇಲ್ಲವೇ ಇಲ್ಲ. ಪಕ್ಕದ ಕಬ್ಬಿನ ಪಡದಲ್ಲಿರುವ ಇನ್ನೊಂದು ನರಿ ಸಂಸಾರಕ್ಕೆ ಮುಟ್ಟಿದರೆ ಸಾಕು. ಇಲ್ಲಿಂದ ಇಲ್ಲಿಗೆ ನಮ್ಮದು, ಈಚೆ ಬರಬೇಡಿ ಅಂತ. ಜೋಡಿ ಶುರು ಮಾಡುತ್ತದೆ, ಮರಿಗಳು ಸೇರಿಕೊಳ್ಳುತ್ತವೆ. ಮೂರು ನರಿ ಕೂಗಿದರೆ ನಮಗೆ ಹತ್ತು ಕೂಗಿದ ಹಾಗೆ ಕೇಳುತ್ತದೆ. ಆಂಬುಲೆನ್ಸ್ ಸೈರನ್ನಿಗೂ ಕೆಲವು ಸಲ ಉತ್ತರ ಕೊಡುತ್ತವೆ. ಮಾತು ಮಾತಿಗೂ ಬೊಗಳುವುದು ಮಾತ್ರ ನಾಯಿಯ ಚಾಳಿ. ತೋಳವೂ ನರಿಯೂ ಬೊಗಳುವುದು ಅಪರೂಪ.

ನರಿಯ ಮುಖ ನೋಡಿ ಎದ್ದರೆ ಅದೃಷ್ಟ ಅನ್ನುವವರು ಇವತ್ತಿಗೂ ಇದ್ದಾರೆ. ನರಿ ಕೊಂಬು ಅಂತ ಮಾರುವವರೂ ಇದ್ದಾರೆ. ನರಿಗೆ ಕೊಂಬಿಲ್ಲ. ಕೂದಲು ಇರುವ ಚರ್ಮವನ್ನು ಮೂಳೆಗೋ ಕೊಂಬಿನ ಚೂರಿಗೋ ಸುತ್ತಿ ಮಾಡುವ ಮೋಸ ಅದು. ಈ ಮೋಸಕ್ಕಾಗಿ ನಿಜವಾದ ನರಿಗಳು ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನರಿ ಹಿಡಿಯುವುದು, ಕೊಲ್ಲುವುದು ಅಪರಾಧ.

ತೋಳದ ವಿಷಯ ಕುರಿಗಾರರನ್ನು ಕೇಳಬೇಕು. ಹುಲಿ ಬಂತು ಹುಲಿ ಕಥೆಯನ್ನು ನಮ್ಮ ಕಡೆ ತೋಳ ಅಂತ ತಿದ್ದಿಕೊಳ್ಳುವುದೇ ಸರಿ. ಇಡೀ ದೇಶದಲ್ಲಿ ಉಳಿದಿರುವ ತೋಳಗಳು ಎರಡು ಮೂರು ಸಾವಿರ ಅಂತ ಅಂದಾಜು. ಅವು ಇರುವುದು ದಟ್ಟ ಕಾಡಿನಲ್ಲಲ್ಲ, ನಮ್ಮಂಥ ಒಣ ಬಯಲಿನಲ್ಲಿ, ಕುರಿ ಹಟ್ಟಿಯ ಸುತ್ತಮುತ್ತ. ಕುರಿ ಸತ್ತಾಗ ಎಲ್ಲರೂ ತೋಳ ಅನ್ನುತ್ತಾರೆ. ಗಾಯ ನೋಡಿದರೆ ಬೇರೆ ಕಥೆ ಸಿಗಬಹುದು. ತೋಳ ಕುತ್ತಿಗೆಗೆ ಬಾಯಿ ಹಾಕುತ್ತದೆ, ಚಿಕ್ಕ ಮರಿಯಾದರೆ ಕಚ್ಚಿಕೊಂಡೇ ಹೋಗುತ್ತದೆ. ಹಿಂಗಾಲು, ಕಿವಿ, ಪಕ್ಕೆ ಎಲ್ಲೆಂದರಲ್ಲಿ ಹರಿದು, ನಾಲ್ಕೈದು ಕುರಿ ಕೆಡವಿ, ತಿನ್ನದೆ ಬಿಟ್ಟಿದ್ದರೆ ಊರ ನಾಯಿಗಳ ಮೇಲೆ ಅನುಮಾನ ಪಡಬೇಕು. ಇದು ಬರೀ ಕುತೂಹಲದ ಮಾತಲ್ಲ. ಕಾಡುಪ್ರಾಣಿ ಕೊಂದರೆ ಪರಿಹಾರ ಕೇಳಲು ದಾರಿ ಇದೆ.

ಸೀಳುನಾಯಿಯನ್ನು ಬಾಗಲಕೋಟೆ, ವಿಜಯಪುರದಲ್ಲಿ ಹುಡುಕಬೇಡಿ. ಅದಕ್ಕೆ ಖಾನಾಪುರದ ಭೀಮಗಡದಂಥ ಕಾಡು ಬೇಕು. ಹೆಸರಲ್ಲಿ ನಾಯಿ ಇದ್ದರೂ ನಾಯಿಯಲ್ಲ. ನಾಯಿಗೆ 42 ಹಲ್ಲು, ಇದಕ್ಕೆ 40. ಕೆಂಪು ಮೈ, ಕಪ್ಪು ಬಾಲ, ಗುಂಪು ಬೇಟೆ. ಪೊದೆಗಳ ನಡುವೆ ಚದುರಿದಾಗ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಕತ್ತೆಕಿರುಬವಂತೂ ನಾಯಿ ಬಳಗವೇ ಅಲ್ಲ, ಅದು ಬೆಕ್ಕು ಮುಂಗುಸಿಗಳ ಕಡೆಯದು.

ಮನುಷ್ಯ ತಿದ್ದಿದ ದೇಹ

ಇಷ್ಟು ಹೇಳಿ ಮುಧೋಳ ನಾಯಿಯನ್ನು ಬಿಟ್ಟರೆ ನಮ್ಮ ಜಿಲ್ಲೆಯವರು ಬಿಡುವುದಿಲ್ಲ. ಅದನ್ನು ತೋಳದ ಪಕ್ಕ ಇಟ್ಟು ನೋಡಿ. ಎರಡಕ್ಕೂ ಉದ್ದ ಕಾಲು, ಒಳಗೆ ಹೋದ ಹೊಟ್ಟೆ. ತೋಳದ ಮೈ ರಾತ್ರಿಯಿಡೀ ಹತ್ತಾರು ಮೈಲಿ ಒಂದೇ ಹದದಲ್ಲಿ ನಡೆಯಲು. ಮುಧೋಳದ್ದು ಕೆಲವು ನಿಮಿಷ ಬಾಣದಂತೆ ಹಾರಲು. ಆಳವಾದ ಎದೆಯಲ್ಲಿ ದೊಡ್ಡ ಶ್ವಾಸಕೋಶ, ಬಿಲ್ಲಿನಂತೆ ಬಾಗುವ ಬೆನ್ನು, ಉದ್ದ ಕಿರಿದಾದ ತಲೆ. ಬೇರೆ ನಾಯಿಗಳು ಮೂಗು ನಂಬಿದರೆ ಇದು ಕಣ್ಣು ನಂಬಿ ಬೇಟೆಯಾಡುತ್ತದೆ. ಘೋರ್ಪಡೆ ಅರಸರ ಕಾಲದಲ್ಲಿ ಆರಿಸಿ ಆರಿಸಿ ಬೆಳೆಸಿದ ತಳಿ ಇದು. ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ತೋಳವನ್ನು ತಿದ್ದಿದ್ದು ಹಸಿವು, ಮುಧೋಳವನ್ನು ತಿದ್ದಿದ್ದು ಬೇಟೆಯ ಹುಚ್ಚು.

ಹಾಗಾದರೆ ನರಿಯನ್ನೂ ಹೀಗೆ ಪಳಗಿಸಬಹುದಾ? ರಷ್ಯಾದಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ 1959ರಲ್ಲಿ ಇದನ್ನೇ ಶುರು ಮಾಡಿದರು. ತುಪ್ಪಳಕ್ಕಾಗಿ ಸಾಕಿದ ಬೆಳ್ಳಿ ಬಣ್ಣದ ಫಾಕ್ಸ್‌ಗಳಲ್ಲಿ ಮನುಷ್ಯರಿಗೆ ಕಡಿಮೆ ಹೆದರುವವನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ತಲೆಮಾರುಗಳು ಕಳೆದಂತೆ ಅವು ಬಾಲ ಅಲ್ಲಾಡಿಸಿಕೊಂಡು ಮನುಷ್ಯರ ಹತ್ತಿರ ಬರತೊಡಗಿದವು. ಕೆಲವಕ್ಕೆ ಜೋತುಬಿದ್ದ ಕಿವಿ, ಬಿಳಿ ಮಚ್ಚೆ, ಡೊಂಕು ಬಾಲ ಬಂದವು. ಆರಿಸಿದ್ದು ಸ್ವಭಾವವನ್ನು, ಬದಲಾದದ್ದು ದೇಹವೂ. ಆದರೆ ಹೊಲದಲ್ಲಿ ಸಿಕ್ಕ ಒಂದು ಮರಿಯನ್ನು ತಂದು ಸಾಕಿದರೆ ಹೀಗೆ ಆಗುವುದಿಲ್ಲ. ಪ್ರೀತಿಯಿಂದ ಸಾಕಿದ ಕಾಡುಮರಿ ದೊಡ್ಡದಾದ ಮೇಲೂ ಕಾಡಿನದೇ.

ನೀರು ಬಂದ ಮೇಲೆ

ಆಲಮಟ್ಟಿ ನೀರು, ಹಿಡಕಲ್ ನೀರು ಹೊಲಕ್ಕೆ ಬಂತು. ಬಯಲು ಕಬ್ಬಾಯಿತು. ನಮಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ನರಿಗೂ ಒಳ್ಳೆಯದೇ ಆಯಿತು. ಅಡಗಲು ಆಳೆತ್ತರದ ಪೊದೆ, ಹನ್ನೆರಡು ತಿಂಗಳು ತಂಪು, ತುಂಬ ಇಲಿ. ಸಣ್ಣ ನರಿಗೆ ಮಾತ್ರ ಇದು ಆಗಿಬರಲಿಲ್ಲ. ಅದಕ್ಕೆ ಬೇಕಾದದ್ದು ಗಿಡ್ಡ ಹುಲ್ಲಿನ ಬಯಲು, ದೂರದವರೆಗೆ ಕಾಣುವ ಒಣ ನೆಲ. ಕಬ್ಬಿನೊಳಗೆ ಆ ದೊಡ್ಡ ಕಿವಿಗೆ ಕೆಲಸವೇ ಇಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ಅಭಯಾರಣ್ಯ 2016ರಲ್ಲಿ ಆದದ್ದು ಚಿಂಕಾರ ಎಂಬ ಹುಲ್ಲೆಯ ಹೆಸರಲ್ಲಿ. ಆದರೆ ಆ ಕುರುಚಲು ಗುಡ್ಡಗಳು ತೋಳ, ನರಿಗಳಿಗೂ ಆಸರೆ.

ಇನ್ನೊಂದು ತೊಂದರೆ ನಮ್ಮ ಕಾಲಬುಡದಲ್ಲೇ ಇದೆ. ವಿಜಯಪುರದ ಪಕ್ಕದ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ವಿಜ್ಞಾನಿಗಳು ಸಣ್ಣ ನರಿಗಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ನಾಯಿ ಇದ್ದ ಕಡೆ ಅವು ಎದುರಿಗೆ ಇದ್ದ ಆಹಾರವನ್ನೂ ಪೂರ್ತಿ ತಿನ್ನುವುದಿಲ್ಲ. ತುತ್ತಿಗೊಮ್ಮೆ ತಲೆ ಎತ್ತಿ ನೋಡುತ್ತವೆ. ನಾಯಿ ಕಚ್ಚಲೇಬೇಕು ಅಂತಿಲ್ಲ, ಅಲ್ಲಿ ಇದ್ದರೆ ಸಾಕು, ಅರೆಹೊಟ್ಟೆ. ಇದರ ಜೊತೆ ರೇಬಿಸ್, ಡಿಸ್ಟೆಂಪರ್ ರೋಗಗಳು ನಾಯಿಯಿಂದ ಇವಕ್ಕೂ ಹರಡುತ್ತವೆ. ಪುಣೆ ಕಡೆಯ ಬಯಲಿನಲ್ಲಿ ತೋಳಕ್ಕೂ ನಾಯಿಗೂ ಹುಟ್ಟಿದ ಮಿಶ್ರ ಪ್ರಾಣಿಗಳು ಇರುವುದು ಜೀನ್ ಪರೀಕ್ಷೆಯಲ್ಲಿ ಖಚಿತವಾಗಿದೆ. ಊರ ನಾಯಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿದರೆ ಊರಿಗೂ ಒಳ್ಳೆಯದು, ಬದುವಿನ ಆಚೆಗೂ ಒಳ್ಳೆಯದು. ಹಗಲು ಹೊತ್ತಿನಲ್ಲಿ ಹೆದರಿಕೆ ಇಲ್ಲದೆ ಮೈಮೇಲೆ ಬರುವ ನರಿ ಕಂಡರೆ ರೇಬಿಸ್ ಇದೆ ಅಂತಲೇ ತಿಳಿದು ದೂರ ಸರಿಯಿರಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದ ಪುಡಿ ಹಚ್ಚುತ್ತಾ ಕೂರುವ ಹೊತ್ತಲ್ಲ ಅದು.

ಕಬ್ಬಿನ ಕಟಾವಿನಲ್ಲಿ ಮರಿ ಸಿಕ್ಕರೆ ಎತ್ತಿಕೊಂಡು ಬರಬೇಡಿ. ತಾಯಿ ಹತ್ತಿರದಲ್ಲೇ ಅಡಗಿರುತ್ತದೆ. ಆ ಮೂಲೆಯ ನಾಲ್ಕು ಸಾಲು ಬಿಟ್ಟು ಕೆಲಸ ಮುಂದುವರಿಸಿದರೆ ರಾತ್ರಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಎರಡು ರಾತ್ರಿ ಕಳೆದರೂ ಮರಿ ಅಲ್ಲೇ ಇದ್ದರೆ ಅರಣ್ಯ ಇಲಾಖೆಯವರಿಗೆ ಫೋನು ಮಾಡಿ.

ಇದನ್ನೆಲ್ಲ ಕಾಕಾನಿಗೆ ಒಂದು ಸಂಜೆ ಕೂತು ಹೇಳಿದೆ. ಪೂರ್ತಿ ಕೇಳಿ, ಎಲೆ ಅಡಿಕೆ ಉಗುಳಿ, "ಎರಡೂ ನರಿನ ಬಿಡೋ" ಅಂದ. ಮೊನ್ನೆ ರಾತ್ರಿ ಎರಡೂವರೆಗೆ ಅವನ ಫೋನು ಬಂತು. ಏನಾಯಿತೋ ಅಂತ ಗಾಬರಿಯಿಂದ ಎತ್ತಿದೆ.

"ನಿನ್ನ ಸಣ್ಣದು ಬಂದಿತ್ತ ನೋಡು ಈಗ. ಬಾಲದ ತುದಿ ಕರೇನ ಐತಿ."